ನಲವತ್ತೈದು ದಿನದ ನಿಯಮ: ಸಣ್ಣ ಕೈಗಾರಿಕೆಯ ಬಾಕಿ ವಸೂಲಿಗೆ ತೆರಿಗೆಯ ಬಿಸಿ ಬೇಕೇ?

ಪರ: ದೂರು ಕೊಡದೆ ದುಡ್ಡು ಬರುವ ದಾರಿ

ಪೀಣ್ಯದಲ್ಲೋ ಬೆಳಗಾವಿಯ ಉದ್ಯಮಬಾಗ್‌ನಲ್ಲೋ ಇರುವ ಒಂದು ಸಣ್ಣ ಘಟಕದ ಲೆಕ್ಕ ನೋಡಿ. ಜನವರಿ 10ಕ್ಕೆ 10 ಲಕ್ಷ ರೂಪಾಯಿಯ ಮಾಲು ದೊಡ್ಡ ಕಂಪನಿಯೊಂದಕ್ಕೆ ಹೋಯಿತು. ಅದರ ಮೇಲಿನ ಶೇ 18 ಜಿಎಸ್‌ಟಿ, ಅಂದರೆ 1.80 ಲಕ್ಷ, ತಿಂಗಳ ರಿಟರ್ನ್ ಸಲ್ಲಿಸುವವರು ಫೆಬ್ರುವರಿ 20ರೊಳಗೆ ಕಟ್ಟಲೇಬೇಕು. ಗ್ರಾಹಕ ದುಡ್ಡು ಕೊಟ್ಟನೋ ಇಲ್ಲವೋ ಎಂದು ಸರ್ಕಾರ ಕೇಳುವುದಿಲ್ಲ. ಅದೇ 1.80 ಲಕ್ಷವನ್ನು ಕೊಂಡ ಕಂಪನಿ ಇನ್‌ಪುಟ್ ಕ್ರೆಡಿಟ್ ಎಂದು, ಅಂದರೆ ತಾನು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆದುಕೊಳ್ಳಲು, ಬಳಸಿಕೊಂಡಿರುತ್ತದೆ. 180 ದಿನದವರೆಗೆ ಬಾಕಿ ಉಳಿಸಿಕೊಂಡರೂ ಆ ಕ್ರೆಡಿಟ್‌ಗೆ ಧಕ್ಕೆಯಿಲ್ಲ. ಸಣ್ಣವನ ಓವರ್‌ಡ್ರಾಫ್ಟ್‌ನಲ್ಲಿ ದೊಡ್ಡವನ ವ್ಯಾಪಾರ ನಡೆಯುವುದು ಹೀಗೆ.

ಇದನ್ನು ತಡೆಯುವ ಕಾನೂನು 2006ರಿಂದಲೇ ಇದೆ. ಎಂಎಸ್‌ಎಂಇಡಿ (ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ) ಕಾಯ್ದೆಯ 15ನೇ ಸೆಕ್ಷನ್ ಪ್ರಕಾರ ಲಿಖಿತ ಒಪ್ಪಂದವಿದ್ದರೆ ಅದರಲ್ಲಿ ಬರೆದ ದಿನದೊಳಗೆ, ಆದರೆ ಯಾವ ಕಾರಣಕ್ಕೂ 45 ದಿನ ಮೀರದಂತೆ ಹಣ ಕೊಡಬೇಕು. ಒಪ್ಪಂದವೇ ಇಲ್ಲದಿದ್ದರೆ 15 ದಿನ. ಬಹಳಷ್ಟು ಲೆಕ್ಕಪತ್ರ ವಿಭಾಗಗಳು ಎಡವುವುದು ಇಲ್ಲೇ: ಎಲ್ಲ ಬಿಲ್ಲಿಗೂ 45 ದಿನ ಎಂದು ಸಾಫ್ಟ್‌ವೇರ್‌ನಲ್ಲಿ ಹಾಕಿಟ್ಟುಬಿಡುತ್ತಾರೆ. ಪರ್ಚೇಸ್ ಆರ್ಡರಿನಲ್ಲಿ 90 ದಿನ ಎಂದು ಬರೆಸಿಕೊಂಡರೂ ಅದು 45ಕ್ಕೇ ಇಳಿಯುತ್ತದೆ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿ. ಬ್ಯಾಂಕ್ ದರ 5.75 ಇದ್ದರೆ ಬಡ್ಡಿ ಶೇ 17.25.

ಇಷ್ಟು ಗಟ್ಟಿ ಕಾನೂನಿದ್ದೂ ಬಾಕಿ ಬರಲಿಲ್ಲ. ಯಾಕೆಂದರೆ ಬಡ್ಡಿ ಬೇಕಾದರೆ ಪೂರೈಕೆದಾರನೇ ಇಂಥ ಬಾಕಿಯ ವ್ಯಾಜ್ಯ ಬಗೆಹರಿಸುವ ಸರ್ಕಾರಿ ಮಂಡಳಿಯಾದ ಫೆಸಿಲಿಟೇಶನ್ ಕೌನ್ಸಿಲ್‌ಗೆ ಹೋಗಿ ತನ್ನ ಗ್ರಾಹಕನ ಮೇಲೆ ದೂರು ಕೊಡಬೇಕು. ತಿಂಗಳ ಕೆಲಸದಲ್ಲಿ ಅರ್ಧ ಕೊಡುವ ಗ್ರಾಹಕನ ಮೇಲೆ ಯಾರು ದೂರು ಕೊಡುತ್ತಾರೆ?

2023ರ ಹಣಕಾಸು ಕಾಯ್ದೆ 1961ರ ಆದಾಯ ತೆರಿಗೆ ಕಾಯ್ದೆಯ 43ಬಿ ಸೆಕ್ಷನ್‌ಗೆ ಸೇರಿಸಿದ (ಎಚ್) ಕಲಮಿನ ಹೆಚ್ಚುಗಾರಿಕೆ ಇದೇ. ದೂರು ಬೇಕಿಲ್ಲ. ಸೂಕ್ಷ್ಮ ಅಥವಾ ಸಣ್ಣ ಉದ್ಯಮಕ್ಕೆ ಕೊಡಬೇಕಾದ ಹಣ ಗಡುವು ಮೀರಿ ಮಾರ್ಚ್ 31ಕ್ಕೂ ಬಾಕಿ ಉಳಿದರೆ, ಆ ಖರ್ಚನ್ನು ಕಂಪನಿ ಆ ವರ್ಷದ ತೆರಿಗೆಯ ಲೆಕ್ಕದಲ್ಲಿ ಆದಾಯದಿಂದ ಕಳೆಯುವಂತಿಲ್ಲ. ಹಣ ಕೊಟ್ಟ ವರ್ಷವೇ ಕಳೆಯಬೇಕು. ಲಿಖಿತ ಒಪ್ಪಂದವಿದ್ದರೂ ಮೇಲಿನ 10 ಲಕ್ಷದ ಗಡುವು ಹೆಚ್ಚೆಂದರೆ ಫೆಬ್ರುವರಿ 24ಕ್ಕೆ ಮುಗಿಯುತ್ತದೆ. ಮಾರ್ಚ್ 31ಕ್ಕೂ ಕೊಡದಿದ್ದರೆ, ಶೇ 25.168 ತೆರಿಗೆ ಕಟ್ಟುವ ಕಂಪನಿ ಆ ವರ್ಷ 2,51,680 ರೂಪಾಯಿ ಹೆಚ್ಚಿಗೆ ಕಟ್ಟುತ್ತದೆ. ಮುಂಗಡ ತೆರಿಗೆ ಕಡಿಮೆ ಬಿತ್ತೆಂದು ಅದರ ಮೇಲೆ ಬಡ್ಡಿಯೂ ಬೀಳಬಹುದು. ಜಿಎಸ್‌ಟಿ, ಪಿಎಫ್ ಬಾಕಿಗೆ ರಿಟರ್ನ್ ಸಲ್ಲಿಸುವ ದಿನದವರೆಗೆ ಇರುವ ರಿಯಾಯಿತಿ ಇದಕ್ಕಿಲ್ಲ. ಹಾಗಾಗಿ "ಯಾರ್‍ಯಾರಿಗೆ ಬಾಕಿ ಇದೆ?" ಎಂದು ಈಗ ಕೇಳುವವರು ಕಂಪನಿಯದೇ ಆಡಿಟರು. ಬಿಲ್ಲಿನ ಮೇಲೆ ಉದ್ಯಮ್ ಸಂಖ್ಯೆ (ಸಣ್ಣ ಉದ್ಯಮಗಳ ಸರ್ಕಾರಿ ನೋಂದಣಿಯ ಸಂಖ್ಯೆ), ಜೊತೆಗೆ ಸೂಕ್ಷ್ಮವೋ ಸಣ್ಣದೋ, ತಯಾರಿಕೆಯೋ ಸೇವೆಯೋ ಎಂದು ಅಚ್ಚು ಹಾಕಿಸಿದರೆ ಪೂರೈಕೆದಾರನ ಅರ್ಧ ಕೆಲಸ ಮುಗಿಯಿತು. ಇನ್ನರ್ಧ, ಡೆಲಿವರಿ ಚಲನ್ನಿನ ಪ್ರತಿಯಲ್ಲಿ ಗೇಟಿನ ಸೀಲು ಮತ್ತು ತಾರೀಖು. ಸೀಲು ಮಸುಕಾಗಿದ್ದರೆ ಪೆನ್ನಿನಲ್ಲಿ ತಾರೀಖು ಬರೆಸಿಕೊಳ್ಳದೆ ಲಾರಿ ಹೊರಡಬಾರದು.

ಬಾಕಿಗೆ ಪಟ್ಟು ಹಿಡಿದರೆ ಆರ್ಡರ್ ಬೇರೆಯವರಿಗೆ ಹೋಗುತ್ತದೆ ಎಂಬ ಹೆದರಿಕೆಯನ್ನು ದೊಡ್ಡದು ಮಾಡುವುದು ಬೇಡ. ಪ್ಯಾಟರ್ನ್, ಜಿಗ್, ಫಿಕ್ಸ್ಚರ್‌ನಂಥ ಅಚ್ಚು, ಹಿಡಿಕೆ ಸಾಧನ ಎಲ್ಲ ಹೊಂದಿಸಿ, ಮೊದಲ ಮಾದರಿಗೆ ಒಪ್ಪಿಗೆ ಪಡೆದ ಪೂರೈಕೆದಾರನನ್ನು ಬಿಟ್ಟು ಹೊಸಬನನ್ನು ತಯಾರು ಮಾಡಲು ತಿಂಗಳುಗಳೇ ಬೇಕು. ಒಂದು ಬಾಕಿಗಾಗಿ ಯಾವ ಖರೀದಿ ವಿಭಾಗವೂ ಆ ಗೋಜಿಗೆ ಸುಲಭವಾಗಿ ಕೈಹಾಕುವುದಿಲ್ಲ.

ವಿರೋಧ: ವರ್ಷಕ್ಕೊಂದೇ ದಿನ ಎಚ್ಚರವಿರುವ ಕಾನೂನು

ಜನವರಿಯ ಬಿಲ್ಲಿನ ಉದಾಹರಣೆ ಕೊಟ್ಟರೆ ಈ ಕಲಂ ಚೆನ್ನಾಗಿಯೇ ಕಾಣುತ್ತದೆ. ಮೇ ತಿಂಗಳ ಬಿಲ್ ತೆಗೆದುಕೊಳ್ಳಿ. ಮೇ 5ರ ಮಾಲಿಗೆ ಕಂಪನಿ ಮಾರ್ಚ್ 30ಕ್ಕೆ ಹಣ ಕೊಟ್ಟರೆ ಹತ್ತು ತಿಂಗಳಿಗೂ ಹೆಚ್ಚು ತಡ. ಆದರೂ ಹಣ ಅದೇ ವರ್ಷ ಹೋಗಿದ್ದರಿಂದ ಖರ್ಚು ಪೂರ್ತಿ ಸಿಗುತ್ತದೆ, ತೆರಿಗೆಯ ಏಟು ಒಂದು ರೂಪಾಯಿಯೂ ಇಲ್ಲ. ಮಾರ್ಚ್ ಕೊನೆಯ ವಾರ ಬಾಕಿ ತೀರಿಸಿ ಏಪ್ರಿಲ್‌ನಿಂದ ಮತ್ತೆ ಹಳೇ ಚಾಳಿಗೆ ಮರಳುವವರಿಗೆ ಈ ಕಾನೂನಿನಿಂದ ಏನೂ ಆಗುವುದಿಲ್ಲ.

ಆ 2.51 ಲಕ್ಷ ಯಾರಿಗೆ ಹೋಯಿತು? ಸರ್ಕಾರಕ್ಕೆ. ಕಾದು ಕುಳಿತವನಿಗೆ ಏನೂ ಬರಲಿಲ್ಲ. ಮುಂದಿನ ವರ್ಷ ಬಾಕಿ ಕೊಟ್ಟಾಗ ಕಂಪನಿಗೆ ಖರ್ಚಿನ ಕಳೆತ ಸಿಕ್ಕೇ ಸಿಗುತ್ತದೆ. ದೊಡ್ಡ ಕಂಪನಿಗೆ ಇದು ಒಂದು ವರ್ಷದ ಹಿಂದುಮುಂದು, ಅಷ್ಟೆ.

ಪೆಟ್ಟು ಬೀಳುವುದು ಕೊಳ್ಳುವವನೂ ಚಿಕ್ಕವನಾಗಿದ್ದಾಗ. ಬಟ್ಟೆ ಹೊಲಿಸಿ ಮಾರುವ ಪಾಲುದಾರಿಕೆ ಸಂಸ್ಥೆಯೊಂದರ ನಿಜ ಲಾಭ 8 ಲಕ್ಷ ಎಂದಿಟ್ಟುಕೊಳ್ಳಿ. ಅದು ಸಣ್ಣ ಪೂರೈಕೆದಾರರಿಗೆ ಕೊಡಬೇಕಾದ, ಗಡುವು ಮೀರಿದ ಬಾಕಿ 20 ಲಕ್ಷ. ತೆರಿಗೆಯ ಲೆಕ್ಕದಲ್ಲಿ ಲಾಭ 28 ಲಕ್ಷವಾಗುತ್ತದೆ. ಶೇ 31.2ರಂತೆ ತೆರಿಗೆ 8,73,600 ರೂಪಾಯಿ, ವರ್ಷವಿಡೀ ದುಡಿದ ಲಾಭಕ್ಕಿಂತ ಹೆಚ್ಚು. ಅವನು ಕೊಡದೆ ಇದ್ದದ್ದು ಕೊಬ್ಬಿನಿಂದಲ್ಲ. ಅವನ ಮಾಲು ಕೊಂಡ ಅಂಗಡಿಯವನು 90 ದಿನ, 120 ದಿನ ಸಾಲ ಕೇಳುತ್ತಾನೆ. ಬಟ್ಟೆ ಹೊಲಿಸದೆ ಬರೀ ಮಾಲು ತರಿಸಿ ಮಾರುವ ವ್ಯಾಪಾರಿಯಾಗಿದ್ದರೆ ಅವನ ಬಾಕಿಗೆ ಈ ಕಾಯ್ದೆಯ ರಕ್ಷಣೆಯೂ ಇಲ್ಲ, ಸಗಟು ಚಿಲ್ಲರೆ ವ್ಯಾಪಾರಕ್ಕೆ ಉದ್ಯಮ್ ನೋಂದಣಿ ಸಿಗುವುದು ಆದ್ಯತಾ ವಲಯದ ಸಾಲದ ಮಟ್ಟಿಗಷ್ಟೇ. ಗ್ರಾಹಕ ವಿದೇಶದವನಾದರೆ ಅವನಿಗೆ ನಮ್ಮ ಕಾಯ್ದೆ ತಾಗುವುದೇ ಇಲ್ಲ. 2024ರ ಆರಂಭದಲ್ಲಿ ಸೂರತ್‌ನ ಜವಳಿ ಪೇಟೆ ಗಾಬರಿಯಾದದ್ದು ಇಂಥ ಲೆಕ್ಕಕ್ಕೇ.

ಇನ್ನು ಪೂರೈಕೆದಾರನನ್ನು ಬಿಡುವ ಮಾತು. ಡೈ ಮಾಡಿಸಿಟ್ಟ ಫೌಂಡ್ರಿಯನ್ನು ಬಿಡುವುದು ಕಷ್ಟ, ಒಪ್ಪೋಣ. ಪ್ಯಾಕಿಂಗ್ ಪೆಟ್ಟಿಗೆ, ಲೇಬಲ್, ಸಾಗಣೆ, ಹೌಸ್‌ಕೀಪಿಂಗ್ ಕೊಡುವವರನ್ನು ಬದಲಿಸಲು ಒಂದು ವಾರ ಸಾಕು. ನಿಯಮ ಮಧ್ಯಮ ಉದ್ಯಮಕ್ಕೆ ಅನ್ವಯಿಸುವುದಿಲ್ಲ. 2025ರ ಏಪ್ರಿಲ್ 1ರಿಂದ ಸಣ್ಣ ಉದ್ಯಮದ ಮಿತಿ 25 ಕೋಟಿ ಹೂಡಿಕೆ, 100 ಕೋಟಿ ವಹಿವಾಟು. ಅದನ್ನು ದಾಟಿದವನಿಂದಲೋ ನೋಂದಣಿ ಇಲ್ಲದವನಿಂದಲೋ ಕೊಂಡರೆ ಕಂಪನಿಗೆ ಈ ತಲೆನೋವಿಲ್ಲ.

ಗೇಟಿನ ಸೀಲಿಗೂ ಕಂಪನಿಗಳ ಬಳಿ ಉಪಾಯವಿದೆ. ಮಾಲು ತಲುಪಿದ 15 ದಿನದೊಳಗೆ ಲಿಖಿತ ತಕರಾರು ಬರದಿದ್ದರೆ ತಲುಪಿದ ದಿನವೇ ಸ್ವೀಕಾರದ ದಿನ. ತಕರಾರು ಬಂದರೆ, ಅದು ಬಗೆಹರಿದ ದಿನದಿಂದ ಗಡುವು ಶುರು. 14ನೇ ದಿನ "ಗುಣಮಟ್ಟ ಪರಿಶೀಲನೆಯಲ್ಲಿದೆ" ಎಂಬ ಒಂದು ಸಾಲಿನ ಇಮೇಲ್ ಬಂತೆಂದರೆ 45 ದಿನ ಎಲ್ಲಿಂದ ಎಣಿಸಬೇಕು ಎಂಬುದೇ ಜಗಳವಾಗುತ್ತದೆ. ಆ ಇಮೇಲಿಗೆ ಅಂದೇ ಉತ್ತರ ಬರೆದು, ಯಾವ ಅಳತೆ ತಪ್ಪಿದೆ, ಎಷ್ಟು ನಗ ತಿರಸ್ಕೃತ ಎಂದು ಕೇಳದೆ ಸುಮ್ಮನಿದ್ದ ಪೂರೈಕೆದಾರನ ಕೈಯಲ್ಲಿ ಆಮೇಲೆ ಪುರಾವೆಯೇ ಉಳಿಯುವುದಿಲ್ಲ.

ಹಣ ಬೇಗ ಸಿಗಬೇಕೆಂದರೆ ಒತ್ತು ಕೊಡಬೇಕಾದದ್ದು ಬಿಲ್ಲುಗಳನ್ನು ಬೇಗ ನಗದಾಗಿಸುವ ಟ್ರೆಡ್ಸ್ ಎಂಬ ಆನ್‌ಲೈನ್ ವೇದಿಕೆಗಳಿಗೆ. ಕೊಂಡವನು ಇನ್‌ವಾಯ್ಸ್ ಒಪ್ಪಿದರೆ ಬ್ಯಾಂಕುಗಳು ಬಿಡ್ ಹಾಕಿ ಪೂರೈಕೆದಾರನಿಗೆ ಹಣ ಕೊಡುತ್ತವೆ. ಕೊಂಡವನು ತಪ್ಪಿಸಿದರೂ ಪೂರೈಕೆದಾರನ ಕೊರಳಿಗೆ ಬರುವುದಿಲ್ಲ. 250 ಕೋಟಿಗೂ ಹೆಚ್ಚು ವಹಿವಾಟಿನ ಕಂಪನಿಗಳು ಅಲ್ಲಿ ನೋಂದಾಯಿಸಲೇಬೇಕು. ಆದರೆ ನೋಂದಾಯಿಸಿದ ಮೇಲೆ ಇನ್‌ವಾಯ್ಸ್ ಒಪ್ಪಲು ಗಡುವಿಲ್ಲದಿದ್ದರೆ ನೋಂದಣಿ ಹೆಸರಿಗಷ್ಟೇ. ತೆರಿಗೆ ಇಲಾಖೆಗೆ ಕೊಟ್ಟ ಕೋಲನ್ನು ಇತ್ತ ತಿರುಗಿಸಿ, ಇನ್‌ವಾಯ್ಸ್ ಬಂದ 15 ದಿನದಲ್ಲಿ ಒಪ್ಪು ಇಲ್ಲವೇ ಕಾರಣ ಬರೆ ಎಂದು ಕಡ್ಡಾಯ ಮಾಡಲಿ. ಮೇ ತಿಂಗಳ ಬಿಲ್ಲಿನ ಹಣ ಮೇ ತಿಂಗಳಲ್ಲೇ ಬರುತ್ತದೆ.