ಎರಡು ಅರ್ಜಿ, ಒಂದೇ ಸಹಿ

ನನ್ನ ಸಹಿ ನೋಡೋಕೆ ಚೆನ್ನಾಗಿದೆ. ತಾಪತ್ರಯ ಶುರುವಾಗಿದ್ದೇ ಅಲ್ಲಿಂದ.

ಸ್ಕೂಲಿನಲ್ಲಿ ಕಾಪಿ ಪುಸ್ತಕ ತುಂಬಿಸಿ ತುಂಬಿಸಿ ಬಂದ ಅಕ್ಷರ. ಕೊನೆಯಲ್ಲೊಂದು ಗೆರೆ ಎಳೆದು ಎರಡು ಚುಕ್ಕೆ ಇಟ್ಟರೆ ಎಂಥ ಕಾಗದಕ್ಕೂ ಒಂದು ತೂಕ ಬರುತ್ತದೆ ಅಂತ ನಮ್ಮ ಬೀದಿಯವರ ನಂಬಿಕೆ. ಹಾಗಾಗಿ ಮೈಸೂರಿನ ಗೋಕುಲಂನ ನಮ್ಮ ಅಡ್ಡರಸ್ತೆಯಲ್ಲಿ ಯಾವ ಅರ್ಜಿ ಹುಟ್ಟಿದರೂ ಬೋಣಿ ನಮ್ಮ ಮನೆಯಲ್ಲೇ. ಚರಂಡಿ ಕಟ್ಟಿಕೊಂಡಿತಾ, ಮೊದಲ ಸಹಿ ನನ್ನದು. ಬೀದಿ ದೀಪ ಹಗಲೆಲ್ಲ ಉರಿದು ರಾತ್ರಿ ಮಲಗುತ್ತದಾ, ಅದಕ್ಕೂ ನನ್ನದೇ. ಓದಿ ಸಹಿ ಹಾಕಬೇಕು ಅನ್ನುವುದು ನನಗೂ ಗೊತ್ತು. ಆದರೆ ಮನೆಗೆ ಬಂದವರನ್ನು ಎದುರಿಗೆ ಕೂರಿಸಿಕೊಂಡು ಅವರು ತಂದ ಕಾಗದ ಓದುತ್ತಾ ಕೂತರೆ ಅವರ ಮೇಲೆ ಅನುಮಾನ ಪಟ್ಟ ಹಾಗಲ್ವಾ?

ಈ ಸಲದ ರಾಮಾಯಣ ಶುರುವಾಗಿದ್ದು ಶೆಟ್ಟರು ಅಂಗಡಿ ಮುಚ್ಚಿದಾಗ.

ಅದೊಂದು ಸಣ್ಣ ದಿನಸಿ ಅಂಗಡಿ. ಒಬ್ಬರು ಒಳಗೆ ನಿಂತರೆ ಇನ್ನೊಬ್ಬರು ಮೆಟ್ಟಿಲ ಮೇಲೆ ಕಾಯಬೇಕು. ಗಲ್ಲಾಪೆಟ್ಟಿಗೆ ಪಕ್ಕದ ಮೊಳೆಗೆ ಒಂಟಿಕೊಪ್ಪಲ್ ಪಂಚಾಂಗ ದಾರದಲ್ಲಿ ನೇತಾಡುತ್ತಿತ್ತು. ಏಕಾದಶಿ ಯಾವತ್ತು, ರಾಹುಕಾಲ ಎಷ್ಟು ಹೊತ್ತಿಗೆ ಅಂತ ಅದರಲ್ಲಿ ನೋಡಿಕೊಂಡು, ಕಾಲು ಕೆಜಿ ಕಡಲೆಬೇಳೆ ಲೆಕ್ಕಕ್ಕೆ ಬರೆಸಿ ಬರುತ್ತಿದ್ದೆವು. ಶೆಟ್ಟರಿಗೆ ಮಂಡಿನೋವು, ಮಗ ಬೆಂಗಳೂರಿನಲ್ಲಿ ಕಂಪ್ಯೂಟರ್ ಮುಂದೆ. ಮುಚ್ಚುತ್ತೇನೆ ಅಂದಾಗ ಇಡೀ ಬೀದಿ ಮರುಗಿತು. 'ಇಂಥ ಅಂಗಡಿ ಇನ್ನೆಲ್ಲಿ ಸಿಗುತ್ತೆ ಬಿಡಿ' ಅಂದವರೇ ಎಲ್ಲ. ಹೀಗೆ ಮರುಗಿದವರೆಲ್ಲ ಎರಡು ವರ್ಷದಿಂದ ತಿಂಗಳ ಸಾಮಾನು ಮೊಬೈಲಿನಲ್ಲಿ ತರಿಸುತ್ತಿದ್ದರು. ಶೆಟ್ಟರ ಹತ್ತಿರ ಕೊಳ್ಳುತ್ತಿದ್ದುದು ರಾತ್ರಿ ಒಂಬತ್ತಕ್ಕೆ ತೀರಿಹೋದ ಬೆಂಕಿಪೊಟ್ಟಣ, ಹೆಪ್ಪಿಗೆ ಬೇಕಾದ ಮೊಸರು, ಇಷ್ಟೇ. ನಾನೂ ಅದೇ ಗುಂಪಿನವನು.

ಆ ಜಾಗಕ್ಕೆ ಕೆಫೆ ಬಂತು.

ಗೋಕುಲಂಗೆ ಕೆಫೆ ಹೊಸದೇನಲ್ಲ. ಪಟ್ಟಾಭಿ ಜೋಯಿಸರು ತಮ್ಮ ಯೋಗಶಾಲೆಯನ್ನು ಲಕ್ಷ್ಮೀಪುರಂನಿಂದ ಈ ಕಡೆಗೆ ತಂದದ್ದು 2002ರಲ್ಲಿ. ಅಷ್ಟಾಂಗ ಯೋಗ ಕಲಿಯೋಕೆ ಹೊರದೇಶದವರು ಬಂದರು. ಅವರ ಹಿಂದೆಯೇ ಬಾಡಿಗೆ ಸ್ಕೂಟರು, ಬಾಡಿಗೆ ರೂಮು, ಮೂಲೆ ಮೂಲೆಗೆ ಎಳನೀರು ಎಲ್ಲ ಬಂತು. ನಾವು ಕಣ್ಣುಜ್ಜಿಕೊಂಡು ಹಾಲಿಗೆ ಹೊರಡುವ ಹೊತ್ತಿಗೆ ಅವರು ಅಭ್ಯಾಸ ಮುಗಿಸಿ, ಚಾಪೆ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು, ಎಳನೀರು ಕುಡಿಯುತ್ತಾ ನಿಂತಿರುತ್ತಿದ್ದರು. ನಮ್ಮ ಬೀದಿಯವರಲ್ಲಿ ಯೋಗ ಕಲಿತವರು ಯಾರೂ ಇಲ್ಲ. ಬಾಡಿಗೆ ಏರಿಸುವುದನ್ನು ಮಾತ್ರ ಎಲ್ಲರೂ ಕಲಿತೆವು.

ಆದರೂ ಶೆಟ್ಟರ ಅಂಗಡಿ ಜಾಗದಲ್ಲೇ ಕೆಫೆ ಅಂದಾಗ ನಮಗೆಲ್ಲ ಪೌರುಷ ಬಂತು. ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದ ರೇಟು ನೋಡಿ ಮೂಲೆಮನೆ ಮೇಷ್ಟ್ರು ಎದೆ ಹಿಡಿದುಕೊಂಡರು. ಫಿಲ್ಟರ್ ಕಾಫಿ 140 ರೂಪಾಯಿ. ಬೆಣ್ಣೆಹಣ್ಣು ಹಚ್ಚಿದ ಬ್ರೆಡ್ಡಿಗೆ 320. ನಮ್ಮ ಚುರುಮುರಿಗೆ 'ಮೈಸೂರ್ ಪಫ್ಡ್ ರೈಸ್ ಸಲಾಡ್' ಅಂತ ನಾಮಕರಣ ಮಾಡಿ 180. "ನಜರ್‌ಬಾದಿನ ಮೈಲಾರಿಯಲ್ಲಿ ಇವತ್ತಿಗೂ ಬಾಳೆಲೆ ಮೇಲೆ ದೋಸೆ ಹಾಕ್ತಾರೆ. ಜನ ಬಾಗಿಲಲ್ಲಿ ಕಾದು ನಿಂತ್ಕೊಂಡು ತಿಂತಾರೆ. ಅಲ್ಲೇನು ಇಂಥ ಕುರ್ಚಿ ಇದೆಯಾ, ದೀಪ ಇದೆಯಾ?" ಅಂತ ಮೇಷ್ಟ್ರು ಕೇಳಿದರು. ಯಾರೂ ಕೆಫೆ ಮೆಟ್ಟಿಲು ಹತ್ತಬಾರದು ಅಂತ ರಸ್ತೆಯಲ್ಲಿ ನಿಂತೇ ತೀರ್ಮಾನ ಆಯಿತು. ಬ್ಯಾಂಕಿನಿಂದ ರಿಟೈರ್ ಆದ ಎದುರುಮನೆಯವರು ಎಲ್ಲರಿಗಿಂತ ಗಟ್ಟಿಯಾಗಿ ಹೂಂ ಅಂದರು.

ಹದಿನೈದು ದಿನ ಕಳೆದಿರಬೇಕು. ನನ್ನಾಕೆ ನಂಜನಗೂಡಿಗೆ ತಂಗಿಯ ಮನೆಗೆ ಹೋಗಿದ್ದಳು. ಮಧ್ಯಾಹ್ನ ಮೂರೂವರೆ, ಕರೆಂಟ್ ಇಲ್ಲ, ಸೆಕೆ ಬೇರೆ. ಒಂದು ಸಲ ಸುಮ್ನೆ ನೋಡಿ ಬರೋಣ, ವಿರೋಧ ಮಾಡುವುದಾದರೂ ತಿಳಿದು ಮಾಡಬೇಕಲ್ವಾ ಅಂತ ನನಗೆ ನಾನೇ ಹೇಳಿಕೊಂಡು ಒಳಗೆ ಹೋದೆ. ತಣ್ಣಗಿತ್ತು. ಕಿಟಕಿ ಪಕ್ಕ ಯಾರೋ ದೊಡ್ಡ ಮೆನು ಕಾರ್ಡನ್ನು ಮುಖಕ್ಕೆ ಅಡ್ಡ ಹಿಡಿದು ಕೂತಿದ್ದರು. ಕೆಳಗೆ ಕಾಣುತ್ತಿದ್ದ ಪಂಚೆಯ ಅಂಚು, ಕಂದು ಬಣ್ಣದ ಚಪ್ಪಲಿ ನೋಡಿದರೆ ಗುರುತಿಗೆ ಮುಖ ಬೇಕಾಗಿರಲಿಲ್ಲ. ಬ್ಯಾಂಕಿನವರು! ನಾನೂ ಗಬಕ್ಕನೆ ಒಂದು ಮೆನು ಎತ್ತಿ ಮುಖಕ್ಕೆ ಹಿಡಿದೆ. ಹತ್ತು ನಿಮಿಷ ಇಬ್ಬರೂ ಹಾಗೇ ಕೂತೆವು. ಕೊನೆಗೆ ಹಿಂದಿನ ಮೇಜಿನಿಂದ ಮೇಷ್ಟ್ರ ದನಿ ಕೇಳಿಸಿತು. "ತಮ್ಮಾ, ಈ ವೈಫೈ ಪಾಸ್‌ವರ್ಡ್ ಇವತ್ತು ಯಾಕೋ ತಗೋತಿಲ್ಲ ನೋಡು."

ಇವತ್ತು! ಆ ಒಂದು ಪದ ಸಾಕಾಯಿತು. ಅಂದರೆ ನಿನ್ನೆಯೂ ಬಂದಿದ್ದರು.

ಒಬ್ಬರನ್ನೊಬ್ಬರು ನೋಡಲಿಲ್ಲ ಅನ್ನುವ ಒಪ್ಪಂದದಲ್ಲಿ ಮೂವರೂ ಬೇರೆ ಬೇರೆ ಹೊತ್ತಿಗೆ ಎದ್ದು ಬಂದೆವು. ಕಾಫಿ ಚೆನ್ನಾಗಿತ್ತು. ಅದನ್ನು ಮನೆಯಲ್ಲಿ ಇನ್ನೂ ಹೇಳಿಲ್ಲ. ಕೆಫೆ ವಿರುದ್ಧದ ಹೋರಾಟ ಮಾತ್ರ ಅವತ್ತಿನಿಂದ ತಾನಾಗಿ ತಣ್ಣಗಾಯಿತು.

ಹೋರಾಟದ ರುಚಿ ಕಂಡ ಮೇಲೆ ಬೀದಿ ಸುಮ್ಮನಿರುತ್ತದಾ? ಎಲ್ಲರ ಕಣ್ಣು ಪಾರ್ಕಿನ ಮೇಲೆ ಬಿತ್ತು.

ನಮ್ಮ ಪಾರ್ಕು ಅಂದರೆ ಮುಕ್ಕಾಲು ಎಕರೆಯೂ ಇರಲಾರದು. ನಡುವೆ ಒಂದು ದೊಡ್ಡ ಹೊಂಗೆ ಮರ, ಅದರ ಕೆಳಗೆ ಮೂರು ಕಲ್ಲು ಬೆಂಚು. ಸುತ್ತ ಮಣ್ಣಿನ ದಾರಿ. ಯುಗಾದಿ ಹೊತ್ತಿಗೆ ಹೊಂಗೆ ಚಿಗುರಿದರೆ ಬೇರೆ ಏನೂ ಬೇಡ ಅನಿಸುತ್ತದೆ. ಆಮೇಲೆ ಹೂವು ಉದುರಿ ನೆಲವೆಲ್ಲ ಅರಳು ಚೆಲ್ಲಿದ ಹಾಗೆ ಕಾಣುತ್ತದೆ.

ಬ್ಯಾಂಕಿನವರಿಗೆ ಇದು ಸಾಲದು. ಮಣ್ಣಿನ ದಾರಿಗೆ ಇಂಟರ್‌ಲಾಕ್ ಟೈಲ್ಸ್ ಬೇಕು, ಓಪನ್ ಜಿಮ್ ಬೇಕು, ಒಂದು ಕಾರಂಜಿ ಬೇಕು. ಕಲ್ಲು ಬೆಂಚು ತೆಗೆದು ಸ್ಟೀಲ್ ಬೆಂಚು ಹಾಕಬೇಕು. ಹೊಂಗೆಯ ಎರಡು ಕೊಂಬೆ ಕಡಿಯಬೇಕು, ಯಾಕೆಂದರೆ ಅದರ ಹೂವೆಲ್ಲ ಅವರ ಕಾರಿನ ಮೇಲೆ ಬೀಳುತ್ತದೆ. ಕೊನೆಯ ಕಾರಣವನ್ನು ಅರ್ಜಿಯಲ್ಲಿ 'ಸಾರ್ವಜನಿಕ ಹಿತದೃಷ್ಟಿಯಿಂದ' ಅಂತ ಬರೆದಿದ್ದರು. ಇದೆಲ್ಲ ನನಗೆ ಆಮೇಲೆ ಗೊತ್ತಾದದ್ದು. ಶನಿವಾರ ಬೆಳಗ್ಗೆ ಅವರು ಬಂದಾಗ ನನ್ನ ಅರ್ಧ ಮುಖಕ್ಕೆ ಶೇವಿಂಗ್ ಸೋಪು ಹಚ್ಚಿತ್ತು, ಕನ್ನಡಕ ಎಲ್ಲೋ ಇತ್ತು. "ಪಾರ್ಕಿನ ವಿಷಯ ಸಾರ್, ಒಂದು ಸೈನು" ಅಂದರು. ಹಾಕಿದೆ. ಗೆರೆ, ಎರಡು ಚುಕ್ಕೆ.

ಅದೇ ಸಂಜೆ ಮೇಷ್ಟ್ರು ಬಂದರು. ಕೈಯಲ್ಲಿ ಹಲಸಿನ ತೊಳೆ ತುಂಬಿದ ಡಬ್ಬಿ, ಕಂಕುಳಲ್ಲಿ ಅರ್ಜಿ. ಇದನ್ನು ಮಾತ್ರ ಓದಿದೆ, ತೊಳೆ ತಿನ್ನುತ್ತಾ ಓದಿದೆ. ಪಾರ್ಕಿನಲ್ಲಿ ಒಂದು ಕಲ್ಲನ್ನೂ ಅಲುಗಾಡಿಸಬಾರದು, 1985ರ ಉದ್ಯಾನ ಕಾಯ್ದೆ ಹೀಗನ್ನುತ್ತದೆ, ಮರಕ್ಕೆ ಮಚ್ಚು ಹಾಕಬೇಕಾದರೆ 1976ರ ಕಾಯ್ದೆ ಪ್ರಕಾರ ವೃಕ್ಷಾಧಿಕಾರಿಗಳ ಅನುಮತಿ ಬೇಕು, ಹೀಗೆ ನಾಲ್ಕು ಪುಟ. ಒಪ್ಪದೇ ಇರೋಕೆ ಏನೂ ಇರಲಿಲ್ಲ. ಸಹಿ ಹಾಕಿದೆ. ನಿಜ ಹೇಳಬೇಕೆಂದರೆ ಬೆಳಗಿನದನ್ನು ಓದಿದ್ದರೆ ಅದಕ್ಕೂ ಒಪ್ಪುತ್ತಿದ್ದೆನೇನೋ. ಎದುರಿಗೆ ಇರುವವರು ಹೇಳುವುದೆಲ್ಲ ನನಗೆ ಸರಿ ಅನಿಸಿಬಿಡುತ್ತದೆ. "ರೀ, ನೀವು ಜಡ್ಜ್ ಆಗದೇ ಇದ್ದಿದ್ದು ಒಳ್ಳೇದಾಯ್ತು. ಎರಡೂ ಕಡೆಯವರನ್ನ ಗೆಲ್ಲಿಸಿಬಿಡ್ತಿದ್ರಿ" ಅಂತ ನನ್ನಾಕೆ ಹೇಳುವುದುಂಟು.

ಭಾನುವಾರ ಬೆಳಗ್ಗೆ ಏಳಕ್ಕೆ ಹೊಂಗೆ ಮರದಡಿ ಸಭೆ. ಅಕ್ಷರ ಚೆನ್ನಾಗಿದೆ ಅಂತ ನಡಾವಳಿ ಬರೆಯುವ ಕೆಲಸವೂ ನನಗೇ ಬಿತ್ತು.

"1903ರಲ್ಲೇ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಮಾಡಿಕೊಂಡು ನಕ್ಷೆ ಹಾಕಿ ಬೆಳೆದ ಊರು ಇದು. ಮನಸ್ಸಿಗೆ ಬಂದ ಹಾಗೆ ಅಗೆಯೋ ಊರಲ್ಲ" ಅಂತ ಮೇಷ್ಟ್ರು ಶುರು ಮಾಡಿದರು.

"ನಾನು ಹೇಳ್ತಿರೋದೂ ಅದೇ ಕಣ್ರೀ. ಇಂಪ್ರೂವ್‌ಮೆಂಟ್ ಅನ್ನೋ ಪದ ಅವತ್ತಿಂದಲೇ ಇದೆ" ಅಂದರು ಬ್ಯಾಂಕಿನವರು. ಮೇಷ್ಟ್ರು ಒಂದು ಕ್ಷಣ ತಡವರಿಸಿದರು. ಅಷ್ಟರಲ್ಲಿ ಇವರೇ ಮುಂದುವರಿಸಿದರು. "ಹಳೇದನ್ನ ಹಾಗೇ ಬಿಟ್ರೆ ಏನಾಗುತ್ತೆ ಅಂತ ನೋಡಲಿಲ್ವಾ? 2012ರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡ ಬಿತ್ತು. 2016ರಲ್ಲಿ ದೇವರಾಜ ಮಾರ್ಕೆಟ್ಟು."

"ಹಳೇದು ಅಂತ ಬೀಳಲಿಲ್ಲ ಸ್ವಾಮಿ! ನೋಡಿಕೊಳ್ಳಲಿಲ್ಲ ಅಂತ ಬಿತ್ತು!"

ಅಲ್ಲಿಂದ ಪಾರ್ಕು ಮರೆತುಹೋಯಿತು. ಮಾರ್ಕೆಟ್ಟನ್ನು ಕೆಡವಬೇಕಾ, ಗಾರೆ ಹಾಕಿ ಉಳಿಸಬೇಕಾ ಅಂತ ಇಡೀ ಊರು ವರ್ಷಗಟ್ಟಲೆ ಮಾಡಿದ ವಾದವನ್ನು ನಮ್ಮವರು ಮುಕ್ಕಾಲು ಗಂಟೆಯಲ್ಲಿ ಮೊದಲಿಂದ ಮಾಡಿದರು. ನಡುವೆ ಒಬ್ಬರು 2015ರಲ್ಲಿ ಮೈಸೂರು ದೇಶಕ್ಕೇ ಸ್ವಚ್ಛ ನಗರ ಆಗಿದ್ದನ್ನು ನೆನಪಿಸಿದರು. ಅದಕ್ಕೆ ಇನ್ನೊಬ್ಬರು ನಿಮ್ಮ ನಾಯಿ ಪಾರ್ಕಿನಲ್ಲಿ ಮಾಡುವುದನ್ನು ಅವತ್ತು ಯಾರೂ ನೋಡಿರಲಿಕ್ಕಿಲ್ಲ ಅಂದರು. ನಾಯಿಯ ಪರವಾಗಿ ಇಬ್ಬರು ಎದ್ದು ನಿಂತರು. ಹುಡುಗರು ಶಟಲ್ ಆಡೋಕೆ ಜಾಗ ಕೇಳಿದರು. ಗೇಟಿನ ಹತ್ತಿರ ಚುರುಮುರಿ ಗಾಡಿ ನಿಲ್ಲಬಾರದು ಅಂದವರೊಬ್ಬರು ಸಂಜೆ ಅಲ್ಲೇ ಎರಡು ಪ್ಲೇಟ್ ತಿನ್ನುವುದನ್ನು ನಾನೇ ಕಂಡಿದ್ದೇನೆ. ನಡಾವಳಿಯಲ್ಲಿ ಅದನ್ನು ಬರೆಯಲಿಲ್ಲ.

ಹಿಂದಿನ ಮನೆ ಅಜ್ಜಿ ಅಷ್ಟೂ ಹೊತ್ತು ಬೆಂಚಿನ ಮೇಲೆ ಹೂಬತ್ತಿ ಹೊಸೆಯುತ್ತಾ ಕೂತಿದ್ದರು. "ಅಲ್ಲಾ ಕಣಪ್ಪ, ನಿಮ್ಮ ಮಾರ್ಕೆಟ್ಟು ಅತ್ಲಾಗಿರಲಿ. ನಾನು ಈ ಬೆಂಚಿನ ಮೇಲೆ ಕೂತ್ಕೋಬಹುದಾ ಬೇಡ್ವಾ, ಅದನ್ನ ಹೇಳಿ" ಅಂದರು. ಯಾರೂ ಹೇಳಲಿಲ್ಲ.

ನಾನು 'ತೀರ್ಮಾನ' ಅಂತ ಬರೆದು, ಕೆಳಗೆ ಗೆರೆ ಎಳೆದು ಕಾಯುತ್ತಿದ್ದೆ. ಮೇಲಿನ ಕೊಂಬೆಯಿಂದ ಗೊರವಂಕವೊಂದು ಸರಿಯಾಗಿ ಆ ಗೆರೆಯ ಕೆಳಗೇ ಪಿಚಕ್ಕನೆ ಹಾಕಿತು. ಅವತ್ತಿನ ಸಭೆಯಲ್ಲಿ ಆದ ತೀರ್ಮಾನ ಅದೊಂದೇ.

ಎರಡೂ ಅರ್ಜಿ ಒಂದೇ ದಿನ ಒಂದೇ ಕಚೇರಿಯ ಒಂದೇ ಮೇಜು ಸೇರಿದವು. ಮೂರು ವಾರದ ಮೇಲೆ ಒಬ್ಬರು ಇಂಜಿನಿಯರ್ ಸ್ಥಳ ಪರಿಶೀಲನೆಗೆ ಬಂದರು. ವಯಸ್ಸು ಮೂವತ್ತು ದಾಟಿರಲಿಕ್ಕಿಲ್ಲ, ತಾಳ್ಮೆ ಮಾತ್ರ ಎಪ್ಪತ್ತರದ್ದು. ಬ್ಯಾಂಕಿನವರು ಒಂದು ಪಕ್ಕ, ಮೇಷ್ಟ್ರು ಇನ್ನೊಂದು ಪಕ್ಕ. ನಾನು ಯಾರ ಪಕ್ಕವೂ ಬೇಡ ಅಂತ ಮರದ ಹಿಂದೆ.

ಅವರು ಒಂದು ಅರ್ಜಿ ತೆಗೆದರು. ಇನ್ನೊಂದು ತೆಗೆದರು. ಎರಡನ್ನೂ ಅಕ್ಕಪಕ್ಕ ಹಿಡಿದು ನೋಡಿದರು. "ಈ ಮೊದಲ ಸಹಿ ಯಾರದು?" ಅಂದರು.

ಬ್ಯಾಂಕಿನವರು ಹೆಮ್ಮೆಯಿಂದ ನನ್ನ ಕಡೆ ಕೈ ತೋರಿಸಿದರು. ಮೇಷ್ಟ್ರೂ ಹೆಮ್ಮೆಯಿಂದ ನನ್ನ ಕಡೆ ಕೈ ತೋರಿಸಿದರು. ಆಮೇಲೆ ಇಬ್ಬರೂ ಒಬ್ಬರ ಕೈಯನ್ನೊಬ್ಬರು ನೋಡಿಕೊಂಡರು.

ನಾನು ಏನಾದರೂ ಹೇಳಬೇಕಿತ್ತು. "ಒಂದು ಓದಿ ಹಾಕಿದ್ದು ಸಾರ್, ಇನ್ನೊಂದು ಓದದೆ ಹಾಕಿದ್ದು" ಅಂದೆ. ಯಾವುದು ಯಾವುದು ಅಂತ ಇಬ್ಬರೂ ಒಟ್ಟಿಗೆ ಕೇಳಿದರು. ಆ ಹೊತ್ತಿಗೆ ಕೆಮ್ಮು ಬಂದು ಕಾಪಾಡಿತು.

ಇಂಜಿನಿಯರ್ ನಗಲಿಲ್ಲ. "ಎಲೆಕ್ಷನ್ನಿಗೆ ಬೆರಳಿಗೆ ಹಚ್ಚೋ ಶಾಯಿ ತಯಾರಾಗೋದು ನಮ್ಮೂರಲ್ಲೇ ಗೊತ್ತಲ್ವಾ ಸಾರ್? 1937ರಲ್ಲಿ ಶುರುವಾದ ಕಾರ್ಖಾನೆ. 1962ರ ಚುನಾವಣೆಯಿಂದ ದೇಶಕ್ಕೆಲ್ಲ ಇಲ್ಲಿಂದಲೇ ಹೋಗೋದು" ಅಂದರು. ಎರಡು ಅರ್ಜಿಯನ್ನೂ ಮಡಿಸಿ ಫೈಲಿಗೆ ಹಾಕಿದರು. "ಒಂದು ಬಾಟಲಿ ನಿಮ್ಮ ಬೀದಿಗೂ ಬೇಕಿತ್ತು."

ಎರಡು ತಿಂಗಳ ಮೇಲೆ ಪಾರ್ಕಿಗೆ ವ್ಯಾಯಾಮದ ಯಂತ್ರ ಬಂತು, ಎರಡೇ ಎರಡು. ಟೈಲ್ಸ್ ಇಲ್ಲ, ಕಾರಂಜಿ ಇಲ್ಲ. ಬೆಂಚು ಹಾಗೇ ಇದೆ, ಮರವೂ ಹಾಗೇ ಇದೆ. ಕಾಲಲ್ಲಿ ಒತ್ತುವ ಯಂತ್ರದ ಸೀಟು ನೆರಳಿನಲ್ಲಿದೆ, ಬೆನ್ನಿಗೂ ಆಸರೆ. ಮೇಷ್ಟ್ರು ದಿನಾ ಬೆಳಗ್ಗೆ ಅದರಲ್ಲೇ ಕೂತು ಪೇಪರ್ ಓದುತ್ತಾರೆ. ಕಾಲು ಮಾತ್ರ ಒತ್ತುವುದಿಲ್ಲ. ಬ್ಯಾಂಕಿನವರು ಅವರು ಏಳಲಿ ಅಂತ ಕಾಯುತ್ತಾ ಕಲ್ಲು ಬೆಂಚಿನ ಮೇಲೆ ಕೂತಿರುತ್ತಾರೆ. ಬೆಂಚು ತಂಪಾಗಿದೆ ಅಂತ ಮೊನ್ನೆ ಅವರೇ ಯಾರಿಗೋ ಹೇಳುತ್ತಿದ್ದರು. ಇನ್ನೊಂದು ಯಂತ್ರ ಬಿಸಿಲಿನಲ್ಲಿದೆ. ಅದರ ಎರಡು ಹಿಡಿಗೆ ಹಳೆಯ ಪಂಚೆ ಬಿಗಿದು ಕಟ್ಟಿ ಅಜ್ಜಿ ಸಂಡಿಗೆ ಒಣಗಿಸುತ್ತಾರೆ.

ನನ್ನ ಹತ್ತಿರ ಆರು ತಿಂಗಳು ಯಾವ ಅರ್ಜಿಯೂ ಬರಲಿಲ್ಲ. ಹೇಳಿದರೆ ನಂಬಲ್ಲ, ಸ್ವಲ್ಪ ಬೇಜಾರೇ ಆಗಿತ್ತು.

ಹೋದ ವಾರ ಸಂಜೆ ಗೇಟು ಸದ್ದಾಯಿತು. ಅಜ್ಜಿ. ಕೈಯಲ್ಲಿ ನಾಲ್ಕಾಗಿ ಮಡಿಸಿದ ಹಾಳೆ. "ಪಾರ್ಕಲ್ಲಿ ಹುಡುಗ್ರು ಆಡೋ ಚೆಂಡು ಸಂಡಿಗೆ ಮೇಲೆ ಬೀಳುತ್ತೆ ಕಣಪ್ಪ. ಒಂದು ಸಹಿ ಹಾಕು" ಅಂದರು. ಸಂತೋಷದಲ್ಲಿ ಜೇಬಿನಿಂದ ಪೆನ್ನು ತೆಗೆದೆ.

"ತಡಿ" ಅಂದರು ಅಜ್ಜಿ. ಕನ್ನಡಕವನ್ನು ಹಣೆಯಿಂದ ಮೂಗಿಗೆ ಇಳಿಸಿಕೊಂಡರು. "ಹುಡುಗ್ರೇನಾದ್ರೂ ಬಂದು ಹೋದ್ರಾ? ಎಲ್ಲಿ, ಎಡಗೈ ತೋರಿಸು."