ಶಾಲಾ ಮಕ್ಕಳಿಗೆ ಜಪಾನ್ ಪ್ರವಾಸ ಬೇಕೇ?

ಪರ: ಪಠ್ಯದಲ್ಲಿ ಎರಡು ಸಾಲು, ಅಲ್ಲಿ ಒಂದು ಬುತ್ತಿ

ಹೈಸ್ಕೂಲ್ ಮಕ್ಕಳನ್ನು ಜಪಾನಿಗೆ ಕರೆದೊಯ್ಯಲೇಬೇಕು ಎಂದು ಸ್ಟಾಫ್ ರೂಮಿನಲ್ಲೂ ಪೋಷಕರ ಸಭೆಯಲ್ಲೂ ವಾದಿಸುತ್ತ ಬಂದವಳು ನಾನು. ಸಮಾಜ ವಿಜ್ಞಾನ ಕಲಿಸುತ್ತೇನೆ. ಎರಡನೇ ಮಹಾಯುದ್ಧದ ಪಾಠದಲ್ಲಿ ಹಿರೋಶಿಮಾ ಎರಡು ಸಾಲಿನಲ್ಲಿ ಮುಗಿದುಹೋಗುತ್ತದೆ. ಮಕ್ಕಳು ಇಸವಿ ಬಾಯಿಪಾಠ ಮಾಡಿ ಒಂದು ಅಂಕ ತೆಗೆಯುತ್ತಾರೆ. ಅಲ್ಲಿನ ಶಾಂತಿ ಸ್ಮಾರಕ ಮ್ಯೂಸಿಯಮ್ಮಿನಲ್ಲಿ ಒಂದು ಊಟದ ಡಬ್ಬಿ ಇದೆ. 1945ರ ಆಗಸ್ಟ್ 6ರ ಬೆಳಿಗ್ಗೆ ಕೆಲಸಕ್ಕೆ ಹೊರಟ ಶಾಲಾ ಹುಡುಗನೊಬ್ಬನಿಗೆ ತಾಯಿ ಕಟ್ಟಿಕೊಟ್ಟ ಬುತ್ತಿ. ಒಳಗಿನ ಅನ್ನ ಇದ್ದಿಲಾಗಿದೆ. ದಾರಿಯುದ್ದಕ್ಕೂ ಮೊಬೈಲ್ ಕೆಳಗಿಡದ ನಮ್ಮ ಒಂಬತ್ತನೇ ಕ್ಲಾಸಿನ ಹುಡುಗರು ಅದರ ಮುಂದಿನಿಂದ ಕದಲಲಿಲ್ಲ. ಇದನ್ನು ಯಾವ ಸ್ಮಾರ್ಟ್ ಬೋರ್ಡ್ ಮಾಡಿಸೀತು?

ನಾರಾ ನಗರದ ತೋದಾಯ್‌ಜಿ ದೇವಾಲಯದಲ್ಲಿ ಸುಮಾರು 15 ಮೀಟರ್ ಎತ್ತರದ ಕಂಚಿನ ಬುದ್ಧ ಕೂತಿದ್ದಾನೆ. 752ರಲ್ಲಿ ಆ ಮೂರ್ತಿಗೆ ಕಣ್ಣು ಬರೆದವರು ಭಾರತದಿಂದ ಹೋಗಿದ್ದ ಭಿಕ್ಷು ಬೋಧಿಸೇನ. ನಮ್ಮ ದೇವಸ್ಥಾನಗಳ ನೇತ್ರೋನ್ಮೀಲನವನ್ನೇ ನೆನಪಿಸುವ ಶಾಸ್ತ್ರ. ಕುಂಚಕ್ಕೆ ಉದ್ದನೆಯ ದಾರ ಕಟ್ಟಿ, ನೆರೆದವರು ಅದರ ತುದಿ ಹಿಡಿದಿದ್ದರಂತೆ. ಆ ಕುಂಚ ಈಗಲೂ ಅಲ್ಲಿನ ಶೋಸೋಯಿನ್ ಭಂಡಾರದಲ್ಲಿದೆ. ಇದನ್ನು ಹೇಳುತ್ತಿದ್ದಂತೆ ಒಬ್ಬಳು ಕೇಳಿದಳು: "ಮಿಸ್, ವಿಮಾನ ಇಲ್ದೇ ಇಷ್ಟು ದೂರ ಹೇಗೆ ಬಂದ್ರು?" ಅಲ್ಲೇ ಮೆಟ್ಟಿಲ ಮೇಲೆ ಕೂತು ಚೀನಾ, ಸಮುದ್ರಯಾನ, 736ರಲ್ಲಿ ಅವರು ಜಪಾನ್ ಮುಟ್ಟಿದ್ದು ಎಲ್ಲವೂ ಪಾಠವಾಯಿತು. ಮಕ್ಕಳು ಕೇಳಿ ಕೇಳಿ ಹೇಳಿಸಿಕೊಂಡ ಪಾಠ ನನ್ನ ಸರ್ವಿಸಿನಲ್ಲೇ ಅಪರೂಪ.

ಇನ್ನು ಅಲ್ಲಿನ ಶಾಲೆ. ಮಧ್ಯಾಹ್ನ ಮಕ್ಕಳೇ ಬಿಳಿ ಏಪ್ರನ್, ಟೋಪಿ ಹಾಕಿಕೊಂಡು ತರಗತಿಗೆ ಊಟ ತಂದು ಬಡಿಸುತ್ತಾರೆ. ಮೇಷ್ಟ್ರೂ ಅದನ್ನೇ, ಅಲ್ಲೇ ಕೂತು ಉಣ್ಣುತ್ತಾರೆ. ಆಮೇಲೆ ಎಲ್ಲರೂ ಒದ್ದೆ ಬಟ್ಟೆ ಹಿಡಿದು ಬಗ್ಗಿ, ಕಾರಿಡಾರಿನ ಈ ತುದಿಯಿಂದ ಆ ತುದಿಗೆ ಓಡುತ್ತ ನೆಲ ಒರೆಸುತ್ತಾರೆ. ನಮ್ಮ ಮಕ್ಕಳೂ ಒರೆಸಿದರು. ಮನೆಯಲ್ಲಿ ತಿಂದ ತಟ್ಟೆ ಎತ್ತದವರು!

1964ರಲ್ಲೇ ಬುಲೆಟ್ ರೈಲು ಓಡಿಸಿದ ದೇಶ ಇಸೆ ಎಂಬ ಊರಿನ ದೇಗುಲವನ್ನು ಇಂದಿಗೂ 20 ವರ್ಷಕ್ಕೊಮ್ಮೆ ಹೊಸ ಮರದಲ್ಲಿ ಹಳೆಯ ಕ್ರಮದಂತೆಯೇ ಕಟ್ಟುತ್ತದೆ. ಕಳೆದ ಬಾರಿ 2013, ಮುಂದಿನದು 2033. ಹೀಗೆ ಬಡಗಿಗಳ ಕಸುಬು ಒಂದು ತಲೆಮಾರಿನ ಕೈಯಿಂದ ಇನ್ನೊಂದರ ಕೈಗೆ ದಾಟುತ್ತದೆ. ಹಳತು ಹೊಸತು ಒಂದಕ್ಕೊಂದು ಶತ್ರು ಎಂದು ನಂಬಿ ಬೆಳೆಯುತ್ತಿರುವ ನಮ್ಮ ಮಕ್ಕಳು ಇದನ್ನು ನೋಡಬೇಕು.

ಖರ್ಚಿನ ಮಾತು ಬಂದೇ ಬರುತ್ತದೆ. ಜಪಾನಿನವರೇ ವೆಚ್ಚ ಭರಿಸುವ ಸಕುರಾ ಸೈನ್ಸ್ ಎಂಬ ವಿಜ್ಞಾನ ವಿನಿಮಯ ಕಾರ್ಯಕ್ರಮದಲ್ಲಿ 2016ರಿಂದ ನಮ್ಮ ದೇಶದ ಹೈಸ್ಕೂಲ್ ಮಕ್ಕಳೂ ಹೋಗಿಬರುತ್ತಿದ್ದಾರೆ, ಸರ್ಕಾರಿ ಶಾಲೆಯವರೂ ಇದ್ದಾರೆ. ಮನಸ್ಸಿದ್ದರೆ ದಾರಿ ಇದೆ. ಬೇಡ ಎನ್ನುವವರಿಗೆ ಪಕ್ಕದ ಊರಿನ ಪ್ರವಾಸವೂ ದುಬಾರಿಯೇ.

ವಿರೋಧ: ಉಳಿದ ಮಕ್ಕಳು ಏನು ಮಾಡಬೇಕು?

ವಿರೋಧವಾಗಿ ಬರೆಯಲು ಕೇಳಿದರು, ಒಪ್ಪಿಕೊಂಡೆ. ಜಪಾನ್ ನೋಡಬಾರದ ದೇಶ ಎಂದು ನಾನು ಹೇಳಲಾರೆ. ಆದರೆ ಶಾಲೆಯ ಹೆಸರಿನಲ್ಲಿ, ಪೋಷಕರಿಂದ ದುಡ್ಡು ಕಟ್ಟಿಸಿಕೊಂಡು ಹೋಗುವುದಕ್ಕೆ ನನ್ನ ಆಕ್ಷೇಪವಿದೆ.

ಮಗಳ ಶಾಲೆಯಲ್ಲಿ ಇಂಥದ್ದೊಂದು ಪ್ರವಾಸ ಹೊರಟಾಗ ಸುತ್ತೋಲೆ ಬಂತು. ಮೊತ್ತ ನೋಡಿ ನಾನೂ ಅವಳ ಅಮ್ಮನೂ ಮುಖ ಮುಖ ನೋಡಿಕೊಂಡೆವು. ನಾವು ಬಾಯಿ ಬಿಡುವ ಮೊದಲೇ ಅವಳು, "ಅಪ್ಪಾ, ನಂಗೇನೂ ಅಷ್ಟು ಇಷ್ಟ ಇಲ್ಲ" ಅಂದಳು. ಹದಿನಾಲ್ಕು ವರ್ಷದ ಮಗು ಮನೆಯ ಲೆಕ್ಕ ತಾನೇ ಹಾಕಿಕೊಂಡಿತ್ತು. ಸಹಪಾಠಿಗಳು ಟೋಕಿಯೋದಲ್ಲಿದ್ದಾಗ ಉಳಿದವರನ್ನೆಲ್ಲ ಒಂದೇ ಸೆಕ್ಷನ್ನಿಗೆ ಸೇರಿಸಿ ರಿವಿಷನ್ ಮಾಡಿಸಿದರು. ಹೋದವರು ಬಂದ ಮೇಲೆ ತಿಂಗಳುಗಟ್ಟಲೆ ಅವರದೇ ಪ್ರಾಜೆಕ್ಟ್, ಅವರದೇ ಅಸೆಂಬ್ಲಿ ಭಾಷಣ. ಅಷ್ಟೂ ಹೊತ್ತು ನನ್ನ ಮಗಳು ಕೂತು ಕೇಳಬೇಕಿತ್ತು. ಬೇರೆ ಕಾರಣಗಳನ್ನೂ ಬರೆಯುತ್ತೇನೆ, ಆದರೆ ನನಗೆ ಮುಖ್ಯವಾದದ್ದು ಇದೊಂದೇ.

2024ರಲ್ಲಿ ಜಪಾನಿಗೆ ಬಂದ ವಿದೇಶಿಯರು 3 ಕೋಟಿ 68 ಲಕ್ಷಕ್ಕೂ ಹೆಚ್ಚು. ಕ್ಯೋಟೋದ ಗಿಯೋನ್ ಬಡಾವಣೆಯವರು ಕಾಟ ತಾಳಲಾರದೆ ಅದೇ ವರ್ಷ ಖಾಸಗಿ ಗಲ್ಲಿಗಳಿಗೆ ಪ್ರವಾಸಿಗರು ಬರದಂತೆ ತಡೆದರು. ಈ ಜಾತ್ರೆಯ ನಡುವೆ ಬಾಡಿಗೆ ಕಿಮೋನೋ, ಅರ್ಧ ಗಂಟೆಯ ಚಹಾ ಶಾಸ್ತ್ರ, ನಾಲ್ಕು ಫೋಟೋ. ಇದಕ್ಕೆ ಸಂಸ್ಕೃತಿಯ ಅನುಭವ ಎಂದು ಹೆಸರು. ಸಸ್ಯಾಹಾರಿ ಮಕ್ಕಳ ಪಾಡು ಬೇರೆ: ಅಲ್ಲಿ ಸಪ್ಪೆ ಸೂಪಿನ ತಿಳಿಯನ್ನೂ ಸಾಮಾನ್ಯವಾಗಿ ಒಣಮೀನಿನಿಂದಲೇ ತೆಗೆಯುತ್ತಾರೆ.

ಪ್ರವಾಸ ಬೇಕೆನ್ನುವವರು ನೆಲ ಒರೆಸುವ ಜಪಾನಿ ಮಕ್ಕಳ ಕಥೆ ಹೇಳದೆ ಬಿಡುವುದಿಲ್ಲ. ಪೊರಕೆ ಹಿಡಿಯುವುದು ಕಲಿಯಲು ವಿಮಾನ ಹತ್ತಬೇಕೇ? ನಮ್ಮ ಶಾಲೆಗಳಲ್ಲಿ ಯಾವ ಮನೆಯ ಮಕ್ಕಳ ಕೈಗೆ ಪೊರಕೆ ಕೊಡುತ್ತಾರೆ ಎಂಬುದು ಎಲ್ಲರಿಗೂ ಗೊತ್ತಿದೆ. ಅದನ್ನು ಸರಿಪಡಿಸುವ ಕೆಲಸ ಕ್ಯೋಟೋದಲ್ಲಿಲ್ಲ. ಜಪಾನಿನ ಕೆಲಸದ ಶಿಸ್ತು ನೋಡಬೇಕಾದರೆ ಬಿಡದಿಯಲ್ಲಿ ಟೊಯೋಟಾ ಕಾರ್ಖಾನೆ ಇದೆ, 2007ರಿಂದ ನಮ್ಮ ಹಳ್ಳಿ ಹುಡುಗರಿಗೆ ಕಸುಬು ಕಲಿಸುತ್ತಿರುವ ಅದರ ತರಬೇತಿ ಸಂಸ್ಥೆ ಇದೆ. ಬೆಂಗಳೂರಿನಲ್ಲಿ ಜಪಾನ್ ಹಬ್ಬ ನಡೆಯುತ್ತದೆ. ಅಲ್ಲಿಗೆ ಇಡೀ ಕ್ಲಾಸು ಒಂದೇ ಬಸ್ಸಿನಲ್ಲಿ ಹೋಗಿಬರಬಹುದು.

ಖರ್ಚು ಜಪಾನಿನವರದೇ ಆಗಿ, ಆಯ್ಕೆ ಕ್ರಮ ಎಲ್ಲರಿಗೂ ಒಂದೇ ಆಗಿದ್ದರೆ ನನ್ನ ತಕರಾರಿಲ್ಲ. ದುಡ್ಡು ಕಟ್ಟಿ ಹೋಗುವವರು ಬೇಸಿಗೆ ರಜೆಯಲ್ಲಿ ಅಪ್ಪ ಅಮ್ಮನ ಜೊತೆ ಹೋಗಿಬರಲಿ.