ತಂಬೂರಿ ಮಾಡಿದವರು ಯಾರು?

2014ರಲ್ಲಿ ನಾನು ಸ್ವೀಡನ್ನಿನ ಉಪ್ಸಾಲಾಕ್ಕೆ ಬಂದಾಗ ಹಳೆಯ ಐವತ್ತು ಕ್ರೋನರ್ ನೋಟು ಇನ್ನೂ ಚಲಾವಣೆಯಲ್ಲಿತ್ತು. ಮುಂದೆ ಗಾಯಕಿ ಯೆನ್ನಿ ಲಿಂಡ್, ಹಿಂದೆ ಒಂದು ತಂತಿವಾದ್ಯ. ಪಿಟೀಲಿಗಿಂತ ಉದ್ದ, ಕತ್ತಿನ ಪಕ್ಕದಲ್ಲಿ ಸಾಲಾಗಿ ಮರದ ಕೀಲಿಗಳು. ಜೊತೆಗೆ ಕೆಲಸ ಮಾಡುವವರನ್ನು ಕೇಳಿದೆ. "ಇದು ಇದೇ ಸೀಮೆಯ ವಾದ್ಯ, ನಿಕ್ಕೆಲ್‌ಹಾರ್ಪಾ" ಅಂದರು. ಹಳ್ಳಿಯ ಮದುವೆಗಳಲ್ಲಿ ನುಡಿಸುತ್ತಿದ್ದ ವಾದ್ಯವನ್ನು ದೇಶದ ನೋಟಿನ ಮೇಲೆ ಅಚ್ಚು ಹಾಕಿದ್ದರು. 2016ರಲ್ಲಿ ಆ ನೋಟು ರದ್ದಾಯಿತು. ಒಂದನ್ನು ಎತ್ತಿಟ್ಟುಕೊಂಡಿದ್ದೇನೆ.

ನನ್ನ ಅಜ್ಜಿಯ ಊರು ಕೊಳ್ಳೇಗಾಲದ ಕಡೆ. ನೀಲಗಾರರು ತಂಬೂರಿ ಮೀಟುತ್ತಾ, ಗಗ್ಗರ ಆಡಿಸುತ್ತಾ ಸಂತ ಮಂಟೇಸ್ವಾಮಿಯ ಕಥೆಯನ್ನು ಬೆಳಗಿನ ಜಾವದವರೆಗೆ ಹಾಡುವುದನ್ನು ಜಗಲಿ ಮೇಲೆ ಮಲಗಿ ಕೇಳಿ ಬೆಳೆದವನು ನಾನು. ಹಾಗಾಗಿ ಆ ನೋಟು ನೋಡಿದ ದಿನ ಎರಡು ಆಸೆ ಒಟ್ಟಿಗೆ ಹುಟ್ಟಿದವು. ಇಲ್ಲಿಯ ವಾದ್ಯ ಕಲಿಯಬೇಕು, ನಮ್ಮ ತಂಬೂರಿಯೊಂದನ್ನು ಇಲ್ಲಿಗೆ ತಂದು ನುಡಿಸಬೇಕು. ಇವತ್ತು ಎರಡೂ ಮನೆಯಲ್ಲಿವೆ, ಆದರೆ ಅವು ಬಂದ ದಾರಿ ಒಂದೇ ಅಲ್ಲ.

ನಿಕ್ಕೆಲ್‌ಹಾರ್ಪಾ ಕೊಳ್ಳಬೇಕು ಅಂದಾಗ ಇಲ್ಲಿಯ ನುಡಿಸುವವರ ಗುಂಪಿನವರು ಮೊದಲು ಬೇಡ ಅಂದರು. "ಒಂದು ವರ್ಷ ಬಾಡಿಗೆಗೆ ತಗೊಂಡು ನುಡಿಸಿ. ಕೈಗೆ ಯಾವುದು ಒಗ್ಗುತ್ತದೆ ಅಂತ ಗೊತ್ತಾದ ಮೇಲೆ ಮಾಡುವವರ ಹತ್ತಿರ ಹೋಗಿ." ಹಾಗೇ ಮಾಡಿದೆ. ಈಗ ಹೆಚ್ಚಾಗಿ ನುಡಿಸುವ ಬಗೆಯಲ್ಲಿ ಹದಿನಾರು ತಂತಿಗಳಿರುತ್ತವೆ: ರಾಗಕ್ಕೆ ಮೂರು, ಶ್ರುತಿಗೆ ಒಂದು, ಉಳಿದ ಹನ್ನೆರಡು ನಮ್ಮ ಸಾರಂಗಿಯ ತರಬ್ ತಂತಿಗಳಂತೆ ತಾವಾಗಿ ಮಿಡಿಯುವವು. ಕೀಲಿ ಒತ್ತಿದರೆ ಅದರ ಮೇಲೆ ನಿಂತ ಸಣ್ಣ ಮರದ ಹಲ್ಲು ತಂತಿಗೆ ತಾಗುತ್ತದೆ. ಬೆರಳು ಬಿಟ್ಟರೆ ಕೀಲಿ ತನ್ನ ಭಾರಕ್ಕೇ ಹಿಂದಕ್ಕೆ ಜಾರುತ್ತದೆ, ಒಳಗೆ ಸ್ಪ್ರಿಂಗ್ ಇಲ್ಲ. ಜಾರುವಾಗ ಟಕಟಕ ಅನ್ನುವ ಒಣಮರದ ಸದ್ದು. ಆ ಸದ್ದೂ ಸಂಗೀತದ ಒಂದು ಭಾಗವೇ ಅಂತ ನನಗೆ ಅನಿಸಿದ್ದು ಆ ಬಾಡಿಗೆ ವರ್ಷದಲ್ಲಿ.

ಆಮೇಲೆ ಮಾಡುವವರ ಮನೆಗೆ ಹೋದೆ. ಹಣದ ಮಾತು ಬಂದದ್ದು ಕೊನೆಗೆ. ಮೊದಲು ಕೈ ನೋಡಿದರು, ಯಾರ ಹತ್ತಿರ ಕಲಿಯುತ್ತೀರಿ ಅಂದರು, ಮೂರು ವಾದ್ಯ ಕೊಟ್ಟು ನುಡಿಸಿ ಅಂದರು. ಆರ್ಡರ್ ಪುಸ್ತಕದಲ್ಲಿ ಹೆಸರು ಬರೆದುಕೊಂಡರು. ಹದಿನಾಲ್ಕು ತಿಂಗಳು ಕಾದೆ. ಬಂದಾಗ ಒಡಲೊಳಗೆ ಒಂದು ಚೀಟಿ ಅಂಟಿಸಿತ್ತು: ಅವರ ಹೆಸರು, ಊರು, ಇಸವಿ, ಎಷ್ಟನೆಯ ವಾದ್ಯ ಅನ್ನುವ ಸಂಖ್ಯೆ. ಇಲ್ಲಿ ಯಾವ ಕೂಟಕ್ಕೆ ಹೋದರೂ ಪಕ್ಕದಲ್ಲಿ ಕೂತವರು ಕೇಳುವ ಮೊದಲ ಪ್ರಶ್ನೆ, "ಇದನ್ನು ಕಟ್ಟಿದ್ದು ಯಾರು?"

ಕಟ್ಟುವವರಿಗೆ ಕೊಡುವ ಈ ಬೆಲೆ ಇಲ್ಲಿ ಮೊದಲಿನಿಂದ ಇದ್ದದ್ದಲ್ಲ. ಕಳೆದ ಶತಮಾನದ ಮಧ್ಯದ ಹೊತ್ತಿಗೆ ಈ ವಾದ್ಯ ಉಪ್ಸಾಲಾ ಇರುವ ಉಪ್ಲಾಂಡ್ ಸೀಮೆಯ ಕೆಲವೇ ಜನರ ಕೈಯಲ್ಲಿ ಉಳಿದಿತ್ತು. ಎರಿಕ್ ಸಾಲ್‌ಸ್ಟ್ರೋಮ್ (1912–1986) ನುಡಿಸುವುದರ ಜೊತೆಗೆ ವಾದ್ಯವನ್ನು ತಾವೇ ಮಾಡಿದರು, ತಿದ್ದಿದರು, ಬೇರೆಯವರಿಗೂ ಮಾಡುವುದನ್ನು ಕಲಿಸಿದರು. ಅರವತ್ತು, ಎಪ್ಪತ್ತರ ದಶಕದಲ್ಲಿ ಸಂಜೆ ತರಗತಿಗಳಲ್ಲಿ ಸಾಮಾನ್ಯ ಜನ ಉಳಿ ಹಿಡಿದು ತಮ್ಮ ವಾದ್ಯವನ್ನು ತಾವೇ ಕಟ್ಟಿಕೊಂಡರು. 1998ರಲ್ಲಿ ಟೋಬೊ ಎಂಬ ಪುಟ್ಟ ಊರಿನಲ್ಲಿ ಅವರ ಹೆಸರಿನ ಸಂಸ್ಥೆಯೇ ಶುರುವಾಯಿತು. ನುಡಿಸುವವರಷ್ಟೇ ಮಾಡುವವರೂ ಹೆಚ್ಚಿದ್ದರಿಂದ ವಾದ್ಯ ಬದುಕಿತು ಅಂತ ನಾನು ನಂಬಿದ್ದೇನೆ.

ನಮ್ಮ ಕಡೆಗೆ ಬರೋಣ. ತಂಬೂರಿ ಕೊಳ್ಳಲು ನಾನು ಮೊದಲು ಹೋದದ್ದು ಬೆಂಗಳೂರಿನ ಒಂದು ಕರಕುಶಲ ಮಳಿಗೆಗೆ. ನೋಡಲು ಚೆಂದವಿತ್ತು, ಕನ್ನಡಿಯಂಥ ವಾರ್ನಿಷ್. ಮನೆಗೆ ತಂದು ಶ್ರುತಿ ಮಾಡಲು ಕೂತರೆ ತಂತಿ ಬಿಗಿಯುವ ಬಿರಡೆ ತಿರುಗುತ್ತಿಲ್ಲ. ನಾಲ್ಕನ್ನೂ ಅಂಟು ಹಾಕಿ ಕೂರಿಸಿದ್ದರು. ಸ್ವಲ್ಪ ಒತ್ತಿ ತಿರುಗಿಸಿದೆ, ಒಂದು ಮುರಿದು ಕೈಗೇ ಬಂತು. ಫೋನ್ ಮಾಡಿದಾಗ "ಸಾರ್, ಅದು ಶೋಕೇಸಿಗೆ ಇಡೋದು, ನುಡಿಸೋಕಲ್ಲ" ಅಂದರು. ಮಾಡಿದ್ದು ಯಾರು ಅಂತ ಕೇಳಿದೆ. ಅವರಿಗೆ ಗೊತ್ತಿರಲಿಲ್ಲ. ನನಗೆ ದುಡ್ಡು ಹೋದದ್ದಕ್ಕಿಂತ ಈ ಉತ್ತರ ಹೆಚ್ಚು ನೋವು ಕೊಟ್ಟಿತು.

ಮರುವರ್ಷ ಬನದ ಹುಣ್ಣಿಮೆಗೆ ಚಿಕ್ಕಲ್ಲೂರು ಜಾತ್ರೆಗೆ ಹೋದೆ. ಮಂಟೇಸ್ವಾಮಿಯ ಶಿಷ್ಯ ಸಿದ್ದಪ್ಪಾಜಿಯ ಗದ್ದುಗೆಯ ಸುತ್ತಮುತ್ತ ಹಾಡುವವರ ಗುಂಪುಗಳು. ವಯಸ್ಸಾದ ನೀಲಗಾರರೊಬ್ಬರ ಪಕ್ಕ ರಾತ್ರಿಯೆಲ್ಲ ಕೂತಿದ್ದೆ. ಬೆಳಗ್ಗೆ ಟೀ ಕುಡಿಯುವಾಗ ಧೈರ್ಯ ಮಾಡಿ ಕೇಳಿದೆ: "ಅಜ್ಜ, ಈ ತಂಬೂರಿ ಕೊಡ್ತೀರಾ? ನೀವು ಹೇಳಿದಷ್ಟು ಕೊಡ್ತೀನಿ."

ಅವರಿಗೆ ಕೋಪ ಬರಲಿಲ್ಲ. ತಂಬೂರಿಯನ್ನು ತೊಡೆ ಮೇಲೆ ಎಳೆದುಕೊಂಡು, "ಇದ ನಮ್ ಗುರು ಕೊಟ್ಟದ್ದು ಕಣಪ್ಪ. ಇದ ನಿನಗ ಕೊಟ್ಬುಟ್ಟು ನಾನು ಪದ ಯಾವುದ್ರಲ್ಲಿ ಹೇಳ್ಲಿ?" ಅಂದರು. ಹಿಡಿಯ ಜಾಗದಲ್ಲಿ ಮರ ಬೆರಳಿನ ಅಚ್ಚಿಗೆ ಸವೆದು ಕಪ್ಪಾಗಿತ್ತು.

ದೀಕ್ಷೆ ಪಡೆದ ನೀಲಗಾರರಿಗೆ ತಂಬೂರಿ ಗುರುವಿನ ಕೈಯಿಂದ ಬರುತ್ತದೆ. ಉತ್ತರ ಕರ್ನಾಟಕದಲ್ಲಿ ಯಲ್ಲಮ್ಮನ ಜೋಗತಿಯರು, ಜೋಗಪ್ಪಗಳು ಹಿಡಿಯುವ ಒಂಟಿ ತಂತಿಯ ಚೌಡಿಕೆಗೂ ಇಂಥದೇ ಪಾವಿತ್ರ್ಯವಿದೆ. ನಾನು ಕೇಳಬಾರದ್ದನ್ನು ಕೇಳಿದ್ದೆ. ಹಳೆಯ ವಾದ್ಯಕ್ಕೆ ಒಳ್ಳೆಯ ನಾದವಿರುತ್ತದೆ ಅಂತ ಹಾಡುಗಾರರ ಕಷ್ಟಕಾಲ ನೋಡಿ ಅವರ ಕೈಯಿಂದಲೇ ಕೊಂಡು ಗೋಡೆಗೆ ನೇತು ಹಾಕುವವರಿದ್ದಾರೆ. ಅದು ತಪ್ಪು ಅಂತ ನಾನು ಖಂಡಿತವಾಗಿ ಹೇಳುತ್ತೇನೆ. ಹಾಗೆ ಒಂದು ತಂಬೂರಿ ಹೋದರೆ ಒಂದು ಊರಿನ ಪದಗಳೇ ನಿಲ್ಲುತ್ತವೆ.

ಸ್ವೀಡನ್ನಿನ ಕ್ರಮವನ್ನು ಹಾಗೇ ಎತ್ತಿ ತಂದು ನಮ್ಮ ಕಡೆ ನೆಡಬೇಕು ಅಂತ ಹಿಂದೆ ನಾನೂ ವಾದ ಮಾಡುತ್ತಿದ್ದೆ, ಈಗ ಇಲ್ಲ. ಸ್ವೀಡನ್ನಿನ ವಾದ್ಯ ಕುಣಿತದ್ದು, ಮದುವೆಯದು. ಯಾರು ಬೇಕಾದರೂ ಹಿಡಿಯಬಹುದು, ಯಾರ ನಂಬಿಕೆಗೂ ತೊಂದರೆಯಿಲ್ಲ. ನಮ್ಮದರಲ್ಲಿ ಗುರು ಇದ್ದಾನೆ, ಒಕ್ಕಲು ಇದೆ, ಹರಕೆ ಇದೆ. ಅದೆಲ್ಲ ಹಾಗೇ ಇರಲಿ. ಆದರೆ ಗುರು ಕೊಡುವ ತಂಬೂರಿಯನ್ನೂ ಯಾರೋ ಒಬ್ಬರು ಕೆತ್ತಿರುತ್ತಾರಲ್ಲ? ಆ ಮನುಷ್ಯ ಎಲ್ಲಿದ್ದಾನೆ, ಏನು ತಿನ್ನುತ್ತಾನೆ, ಮಗನಿಗೆ ಕಲಿಸುತ್ತಿದ್ದಾನಾ ಅಂತ ನಾವು ಕೇಳುವುದಿಲ್ಲ. ಹಾಡುಗಾರರಿಗೆ ಪ್ರಶಸ್ತಿ ಬರುತ್ತದೆ, ಬರಲೇಬೇಕು. ಜೋಗತಿ ಮಂಜಮ್ಮನವರಿಗೆ 2021ರಲ್ಲಿ ಪದ್ಮಶ್ರೀ ಬಂದಾಗ ನಾನು ಇಲ್ಲಿ ಎಲ್ಲರಿಗೂ ಸಿಹಿ ಹಂಚಿದ್ದೆ. ಮರ ಕೆತ್ತುವ ಕೈಗೆ ಮಾತ್ರ ನಾವು ಒಂದು ಚೀಟಿಯಷ್ಟು ಜಾಗವನ್ನೂ ಕೊಟ್ಟಿಲ್ಲ.

ದಾರಿ ತೋರಿಸಿದ್ದು ಆ ಅಜ್ಜನೇ. "ಹೊಸದ ಮಾಡಿಸ್ಕೊ, ಆಚಾರ್ರು ಅವ್ರೆ" ಅಂತ ಊರಿನ ಹೆಸರು ಹೇಳಿದರು. ಆಚಾರ್ರ ಮನೆ ಮುಂದೆ ಬಾಗಿಲ ಚೌಕಟ್ಟು, ನೇಗಿಲ ಮೇಣಿ. ತಂಬೂರಿ ಮಾಡುವುದು ವರ್ಷಕ್ಕೆ ಎರಡೋ ಮೂರೋ, ಯಾರಾದರೂ ಕೇಳಿದರೆ. ಅಟ್ಟದ ಮೇಲೆ ಒಣಗಿಸಿಟ್ಟ ಹಲಸಿನ ತುಂಡು ಇಳಿಸಿ ಬೆರಳಿನ ಗೆಣ್ಣಿನಿಂದ ತಟ್ಟಿ ಕಿವಿ ಕೊಟ್ಟರು, ಬೇಡ ಅಂತ ಬದಿಗಿಟ್ಟು ಇನ್ನೊಂದನ್ನು ತಟ್ಟಿದರು. ಉಪ್ಲಾಂಡಿನಲ್ಲಿ ಕಂಡ ಅದೇ ಕೈ, ಅದೇ ತಲೆ ಓರೆ ಮಾಡುವ ರೀತಿ.

ಅರ್ಧ ಹಣ ಮುಂಗಡ ಕೊಟ್ಟೆ, ಅವಸರ ಇಲ್ಲ ಅಂದೆ. ಒಂದೇ ಒಂದು ಕೇಳಿಕೊಂಡೆ, ಒಳಗೆ ನಿಮ್ಮ ಹೆಸರು ಬರೆಯಿರಿ ಅಂತ. "ಒಳಗ ಬರದ್ರ ಯಾರ್ ಓದರು ಬುದ್ಧಿ?" ಅಂದರು. ನಾನು ಓದುತ್ತೇನೆ ಅಂದೆ. ಎಂಟು ತಿಂಗಳಾದ ಮೇಲೆ ಹೋದಾಗ ಮೇಲಿನ ಹಲಗೆ ಇನ್ನೂ ಕೂರಿಸಿರಲಿಲ್ಲ, ನನಗೆ ತೋರಿಸಲೆಂದೇ ಬಿಟ್ಟಿದ್ದರು. ತೋಡಿದ ಬುರುಡೆಯ ತಳದಲ್ಲಿ, ಚೌಕಟ್ಟಿಗೆ ಗುರುತು ಹಾಕುವ ಅದೇ ದಪ್ಪ ಪೆನ್ಸಿಲ್ಲಿನಲ್ಲಿ, ಹೆಸರು ಮತ್ತು ಊರು. ಅದರ ಕೆಳಗೆ ಅವರ ತಂದೆಯ ಹೆಸರನ್ನೂ ಬರೆದಿದ್ದರು.

ವಿಮಾನಕ್ಕೆ ಮೊದಲು ತಂತಿ ಸಡಿಲ ಮಾಡಿ, ತಂತಿ ಕೂರುವ ಕುದುರೆ ಬಿಚ್ಚಿ, ಸೀರೆ ಸುತ್ತಿ ಕೈಯಲ್ಲೇ ತಂದೆ. ಚಳಿಗಾಲದಲ್ಲಿ ಇಲ್ಲಿಯ ಮನೆಯೊಳಗಿನ ಬಿಸಿಗಾಳಿ ಬಹಳ ಒಣ, ಹಲಸು ಸೀಳುವ ಭಯ. ಪೆಟ್ಟಿಗೆಯಲ್ಲಿ ತೇವದ ಸ್ಪಂಜು ಇಡಬೇಕು ಅಂತ ಹೇಳಿಕೊಟ್ಟದ್ದು ನಿಕ್ಕೆಲ್‌ಹಾರ್ಪಾ ಮಾಡಿಕೊಟ್ಟವರು. ತಂಬೂರಿಯನ್ನು ತಿರುಗಿಸಿ ಮುರುಗಿಸಿ ನೋಡಿ ಅವರು ಮೊದಲು ಕೇಳಿದ್ದು ಅದೇ ಪ್ರಶ್ನೆ. ನಾನು ಆಚಾರ್ರ ಹೆಸರು ಹೇಳಿದೆ, ಅವರ ತಂದೆಯದನ್ನೂ ಹೇಳಿದೆ. ಅವರು ಎರಡು ಸಲ ಉಚ್ಚರಿಸಿ ನೋಡಿದರು. ಈಗ ಇಲ್ಲಿಯ ಗೆಳೆಯರೊಬ್ಬರಿಗೂ ಒಂದು ಬೇಕಂತೆ. ಮುಂಗಡ ಕಳಿಸಿದ್ದೇವೆ. ಮರ ಇನ್ನೂ ಅಟ್ಟದ ಮೇಲಿದೆಯಂತೆ, ಒಣಗಲಿ ಅಂದಿದ್ದಾರೆ.